ಚಿನ್ನಯ್ಯ ಶೆಟ್ಟರಿಗೆ ಗೊತ್ತಿತ್ತೇ?

ಇದು ಅಪ್ಪಟ ನಿಜ ಕಥೆ. ನಂಬದಿದ್ದರೂ ಅಡ್ಡಿಯಿಲ್ಲ, ಕಥೆ ಇರುವುದೇ ನಂಬಿ ಓಡಿದವರೊಬ್ಬರ ಬಗ್ಗೆ.

ಐವತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ ಚಿನ್ನಯ್ಯ ಶೆಟ್ಟರು ಮಡಂತ್ಯಾರಿನಲ್ಲಿ ಕೂಸಪ್ಪನ ಹೋಟೆಲಿನ ಒಳಕೋಣೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದರು. ಮಗಳು ನೀಲಾವತಿ ಟೀಚರ್ ಟ್ರೈನಿಂಗಿಗೆ ಬರೆದ ಅರ್ಜಿ ಕಿಸೆಯಲ್ಲಿತ್ತು. ಹನ್ನೆರಡರೊಳಗೆ ಅದು ಬಂಟ್ವಾಳದ ಕಚೇರಿ ಮುಟ್ಟಬೇಕು. ಇವತ್ತೇ ಕಡೆಯ ದಿನ. ಹತ್ತರ ಬಸ್ಸು ತಪ್ಪಿದರೆ ಮುಂದಿನದು ಎರಡಕ್ಕೆ. ಹುಡುಗಿಯ ಒಂದು ವರ್ಷ ಹೋದ ಹಾಗೆಯೇ.

ಪಕ್ಕದ ಅಕ್ಕಿ ಗಿರಣಿಯ ಗದ್ದಲದಲ್ಲಿ ಬಸ್ಸಿನ ಇಂಜಿನ್ ಕೇಳುವುದಿಲ್ಲ.

“ಹೊರಗೆ ಹೋಗಿ ನಿಲ್ಲಿ ಶೆಟ್ರೇ,” ಎಂದ ಕೂಸಪ್ಪ.

“ಯಾಕೆ ಮಾರಾಯ? ತಿರುವಿನಲ್ಲಿ ಡ್ರೈವರ್ ಸುಲೈಮಾನ್ ಹಾರ್ನ್ ಹೊಡೀತಾನೆ. ಒಂದು ಉದ್ದ, ಎರಡು ಗಿಡ್ಡ. ಎಂಟು ವರ್ಷದಲ್ಲಿ ಒಂದು ದಿನ ತಪ್ಪಿದ್ದುಂಟಾ?”

ಮೂಲೆಯಲ್ಲಿದ್ದ ಶೆಟ್ಟರ ತಂಗಿಯ ಮಗ ಭೋಜನಿಗೆ ಅಷ್ಟೇ ಸಾಕಾಯಿತು. ಮಂಗಳೂರಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವನು, ಮೇಷ್ಟ್ರಿಂದ ಹಿಡಿದು ಎಮ್ಮೆಯವರೆಗೆ ಯಾರ ದನಿಯನ್ನೂ ಬಿಡದವನು. ಮೆಲ್ಲಗೆ ಹಿತ್ತಿಲಿಗೆ ಜಾರಿ, ಬಾಯಿಗೆ ಕೈ ಅಡ್ಡ ಹಿಡಿದ.

“ಪೋಂಂಂ... ಪೊಂ ಪೊಂ!”

ಶೆಟ್ಟರು ಅರ್ಧ ಗೋಳಿಬಜೆ ಬಿಟ್ಟು, ಪಂಚೆ ಎತ್ತಿ ಓಡಿದರು. ಬರಿಯ ರಸ್ತೆ ಕಂಡಾಗಿನ ಮಾವನ ಮುಖ ನೋಡಲೆಂದು ಭೋಜನೂ ಹಿಂದೆಯೇ ಓಡಿದ.

ರಸ್ತೆಯಲ್ಲಿ ಬಸ್ಸು ನಿಂತಿತ್ತು! ಕಂಡಕ್ಟರ್ ಇನ್ನೇನು “ರೈಟ್” ಹೇಳಬೇಕು, ಶೆಟ್ಟರು ಹತ್ತಿಯೇಬಿಟ್ಟರು.

“ಸುಲೈಮಾನಣ್ಣ, ಈಗ ಹಾರ್ನ್ ಹೊಡೆದದ್ದು ನೀವಾ?” ಭೋಜ ರಸ್ತೆಯಲ್ಲೇ ನಿಂತು ತೊದಲಿದ.

“ಎಂಥ ಹಾರ್ನ್? ಅದರ ಒತ್ತುವ ರಬ್ಬರ್ ಉಂಡೆ ಬೆಳ್ತಂಗಡಿಯಲ್ಲೇ ಒಡೆದು ಹೋಯಿತು.”

ಶೆಟ್ಟರು ಅಳಿಯನ ಮುಖ ನೋಡಿದರು, ಎಲ್ಲವೂ ತಿಳಿಯಿತು. ಕೈ ತಾನಾಗಿ ಕಿಸೆಯ ಅರ್ಜಿಯನ್ನು ಮುಟ್ಟಿ ನೋಡಿತು.

ಸಿಕ್ಕಿಬಿದ್ದರೂ ಬಿ.ಎ. ಸುಮ್ಮನಿರುತ್ತದೆಯೇ? “ಮಾವ, ಬಸ್ಸು ಬಂತು ಅಂತ ನೀವು ನಂಬಿದಿರಿ. ನಂಬಲಿಕ್ಕೆ ಕಾರಣ ಉಂಟು, ಬಸ್ಸೂ ಉಂಟು. ಆದರೂ ನಿಮಗೆ ಗೊತ್ತಿರಲಿಲ್ಲ. ಇದು ಜ್ಞಾನ ಅಲ್ಲ, ಬರೀ ಅದೃಷ್ಟ!”

“ಒಪ್ಪಿದೆ. ನನಗೆ ಗೊತ್ತಿರಲಿಲ್ಲ,” ಎಂದರು ಶೆಟ್ಟರು. “ನಿನಗೆ ಗೊತ್ತಿತ್ತಾ? ಬಸ್ಸು ಬರಲಿಲ್ಲ ಅಂತ ನಂಬಿ ಕೂಗಿದವ ನೀನು. ನನ್ನ ನಂಬಿಕೆ ಬಸ್ಸು ಹತ್ತಿತು, ನಿನ್ನದು ನೋಡು, ರಸ್ತೆಯಲ್ಲೇ ನಿಂತಿದೆ!”

ಬಸ್ಸಿಗೆ ಬಸ್ಸೇ ನಕ್ಕಿತು. ಪುಂಜಾಲಕಟ್ಟೆ ಬರುವಷ್ಟರಲ್ಲಿ ಉಳಿದವರೆಲ್ಲ ನಕ್ಕು ಸುಸ್ತಾಗಿದ್ದರು. ಶೆಟ್ಟರು ಮಾತ್ರ ಇನ್ನೂ ಕಣ್ಣೊರೆಸಿಕೊಳ್ಳುತ್ತ ಗಹಗಹಿಸುತ್ತಿದ್ದರು.