ನಿಜ ಹೇಳಿದ್ದಕ್ಕೆ

ಅಂಧೇರಿಯ ಒಂದು ಸಾಲುಮನೆಗಳ ಚಾಳಿನಲ್ಲಿ ನೀಲಾವತಿ ಕೈಯೆತ್ತಿದರೆ ಅವಳ ಮಕ್ಕಳಿಬ್ಬರೂ ನಡುಗುತ್ತಿದ್ದರು. ಗಂಡ ಕಾಂತಪ್ಪ ಇಡೀ ದಿನ ಹೋಟೆಲಿನ ಕೆಲಸದಲ್ಲಿರುತ್ತಿದ್ದುದರಿಂದ ಮಕ್ಕಳನ್ನು ತಿದ್ದುವ ಭಾರ ತನ್ನದೇ ಎಂದು ಅವಳು ತಿಳಿದಿದ್ದಳು. ಹೀಗಿರುವಾಗ ರೈಲುಹಳಿಯ ಕಡೆ ಆಡಲು ಹೋದ ಮಗ ಶೇಖರನ ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿತು. ಅಮ್ಮನ ಪೆಟ್ಟಿಗೆ ಹೆದರಿ ಅವನು ಯಾರಿಗೂ ಹೇಳಲಿಲ್ಲ. ದವಡೆ ಬಿಗಿದು ಬಾಯಿ ತೆರೆಯಲಾಗದಾದಾಗಲೇ ನೀಲಾವತಿ ಆ ಗಾಯ ನೋಡಿದ್ದು. ಆಸ್ಪತ್ರೆಗೆ ಹೋದ ಹುಡುಗ ತಿರುಗಿ ಬರಲಿಲ್ಲ.

ಆಮೇಲೆ ಅವಳು ಮಗಳು ಅಕ್ಕುವಿನ ಮೇಲೆ ಕೈಯೆತ್ತಲಿಲ್ಲ. ತಪ್ಪಾದರೂ ಬಂದು ಹೇಳು, ಹೊಡೆಯುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಮಗು ನಂಬಲಿಲ್ಲ. ಹಾಲು ಚೆಲ್ಲಿದರೆ ತಪ್ಪನ್ನು ಬೆಕ್ಕಿನ ಮೇಲೆ ಹಾಕುತ್ತಿತ್ತು. ನೀಲಾವತಿ ಗದರದೆ, "ಬಾ, ಇಬ್ರೂ ಸೇರಿ ಒರೆಸುವ" ಎನ್ನುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ, ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಅವಳನ್ನು ಅಕ್ಕು ತಾನಾಗಿಯೇ ಹುಡುಕಿಕೊಂಡು ಬಂದಳು.

"ಅಮ್ಮ, ಉಪ್ಪಿನಕಾಯಿ ಭರಣಿ ನನ್ನ ಕೈಯಿಂದ ಬಿದ್ದು ಒಡೀತು."

ನೀಲಾವತಿ ಮೊದಲು ಅವಳ ಅಂಗಾಲುಗಳನ್ನು ತಿರುಗಿಸಿ ನೋಡಿದಳು. "ಹೇಳಿದ್ದು ಒಳ್ಳೇದಾಯ್ತು ಮಗಾ. ಧೈರ್ಯ ಉಂಟು ನಿಂಗೆ."

"ನಿಜ ಹೇಳಿದ್ರೆ ಪೆಟ್ಟಿಲ್ಲ ಅಂತ ಅಣ್ಣನಿಗೆ ಗೊತ್ತಿರಲಿಲ್ವಾ?"

"ಇಲ್ಲ ಮಗಾ. ಅವನಿಗೆ ನಾನು ಹೇಳಿರಲೇ ಇಲ್ಲ."

ಮನೆಗೆ ಬಂದು ಮಗಳನ್ನು ಹೊಸ್ತಿಲಾಚೆ ಕೂರಿಸಿ ನೀಲಾವತಿ ಭರಣಿಯ ಚೂರುಗಳನ್ನು ಆಯತೊಡಗಿದಳು. ಕಣ್ಣು ಮಂಜಾಗಿ ಅವು ಕಾಣದಾದಾಗ, ನೆಲ ತಡವಿ ತಡವಿ ಆಯ್ದಳು.