ದೇವರ ಫೋಟೊದ ಕೆಳಗಿನ ಕೀಲಿಕೈ

ನಾನೊಂದು ಕೀಲಿಕೈ. ಬೆರಳುದ್ದದ ಹಿತ್ತಾಳೆ ಮೈ, ತುದಿಯಲ್ಲಿ ಮೂರು ಹಲ್ಲು. ನೋಡುವುದಕ್ಕೆ ಹತ್ತರಲ್ಲಿ ಹನ್ನೊಂದು. ಆದರೆ ಇಪ್ಪತ್ತೆರಡು ಬಾಗಿಲುಗಳು ನನ್ನ ಮಾತು ಕೇಳುತ್ತಿದ್ದವು. ಒಂದು ಕಾಲದಲ್ಲಿ ಇದನ್ನು ಬಹಳ ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಈಗ ಹೇಳುವಾಗ ನಾಚಿಕೆಯಾಗುತ್ತದೆ. ಯಾಕೆಂದು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಬೀಗದ ಕೆಲಸದ ರಸೂಲ್‌ಸಾಬರ ಅಂಗಡಿಯಲ್ಲಿ. ಗೋಣಿತಟ್ಟಿನ ಮೇಲೆ ಬಾಗಿಲೊಳಗೆ ಕೂರಿಸುವ ಇಪ್ಪತ್ತೆರಡು ಹೊಸ ಬೀಗ ಹರಡಿಕೊಂಡು ಸಾಹೇಬರು ಮೂರು ದಿನ ನನ್ನ ಹಲ್ಲು ಉಜ್ಜಿದರು. ಒಂದೊಂದು ಬೀಗಕ್ಕೂ ಅದರದೇ ಕೀಲಿಕೈ ಬೇರೆ ಇತ್ತು. ಎಲ್ಲವನ್ನೂ ತೆರೆಯುವುದು ನಾನೊಬ್ಬನೇ. ಗದಗಿನ ಬಸ್ ನಿಲ್ದಾಣದ ಹಿಂದೆ ಹೊಸ ಲಾಡ್ಜ್ ಕಟ್ಟಿಸಿದ್ದ ಚನ್ನವೀರಪ್ಪ ಮಾಳಗಿಯವರು ನನ್ನನ್ನು ಒಯ್ಯಲು ಬಂದಾಗ ಸಾಹೇಬರು ನನ್ನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

"ಮಾಳಗಿಯವರ, ಇದು ಎಲ್ಲಾ ಬಾಗಲಾ ತೆಗೀತೈತಿ. ಅದಕ್ಕ ಯಾರ ಕೈಯಾಗೂ ಕೊಡಬ್ಯಾಡ್ರಿ. ನಿಮ್ಮ ಉಡದಾರಕ್ಕ ಕಟ್ಕೋರಿ. ಜಳಕಕ್ಕ ಹೋದ್ರೂ ಬಿಚ್ಚಬ್ಯಾಡ್ರಿ."

"ಆತು ಸಾಬ್ರ. ನನ್ನ ಹೊಟ್ಟಿ ಕೂಡ ಇರ್ತೈತಿ ಬಿಡ್ರಿ," ಎಂದು ಚನ್ನವೀರಪ್ಪ ನಕ್ಕರು.

ಹಾಗೆಯೇ ಇದ್ದೆ, ಒಂಬತ್ತು ವರ್ಷ. ಧಣಿಯ ಸೊಂಟದ ದಾರದಲ್ಲಿ ನೇತಾಡುವವನಿಗೆ ಧಣಿಯ ಮುಖ ಕಾಣುವುದಿಲ್ಲ, ಹೊಟ್ಟೆ ಮಾತ್ರ ಕಾಣುತ್ತದೆ. ಆ ಹೊಟ್ಟೆ ಕುಣಿದರೆ ನಗುತ್ತಿದ್ದಾರೆ, ಬಿಗಿಯಾದರೆ ಯಾರೋ ಜಗಳಕ್ಕೆ ಬಂದಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು. ಅವರು ಕೆಟ್ಟವರಲ್ಲ. ಲಾಡ್ಜಿಗೆ ತಾಯಿಯ ಹೆಸರಿಟ್ಟಿದ್ದರು, ನೀಲಮ್ಮ ಲಾಡ್ಜ್. ದಿನಾ ಬೆಳಿಗ್ಗೆ ಬರಿಗಾಲಲ್ಲಿ ಎರಡೂ ಮಹಡಿ ಸುತ್ತಿ, ಪಾದಕ್ಕೆ ಧೂಳು ಹತ್ತಿತೇ ಎಂದು ನೋಡಿಕೊಳ್ಳುತ್ತಿದ್ದರು.

ಆ ದಿನಗಳಲ್ಲಿ ನನಗೆ ಒಬ್ಬ ವೈರಿಯಿದ್ದ. ಪ್ರತಿ ಕೋಣೆಯ ಬಾಗಿಲಿಗೂ ಒಳಗಡೆ ಒಂದು ಕಬ್ಬಿಣದ ಅಗಳಿ. ಒಳಗಿದ್ದವರು ಅದನ್ನು ಎಳೆದುಕೊಂಡರೆ ಮುಗಿಯಿತು, ನಾನು ಬೀಗದಲ್ಲಿ ಎಷ್ಟು ತಿರುಗಿದರೂ ಬಾಗಿಲು ಅಲ್ಲಾಡುವುದಿಲ್ಲ. ಆ 'ಟಕ್' ಎಂಬ ಸಪ್ಪಳ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೆರಡು ಬಾಗಿಲಿನ ಒಡೆಯನಿಗೆ ಒಂದು ಬಡ ಕಬ್ಬಿಣದ ತುಂಡು ಅಡ್ಡ ಬರುವುದೇ?

ಆಮೇಲೆ ಒಂಬತ್ತನೆಯ ಕೋಣೆಯ ಸಂಗತಿ ನಡೆಯಿತು. ನಿವೃತ್ತರಾದ ಒಬ್ಬ ಭೂಮಾಪಕರು ಇಳಿದುಕೊಂಡಿದ್ದರು. ಬೆಳಿಗ್ಗೆ ಒಳಗಿನಿಂದ ನರಳುವ ದನಿ ಬಂತು. ನಾನು ಬೀಗ ತೆಗೆದೆ, ಅಗಳಿ ಬಿಡಲಿಲ್ಲ. ನಾಲ್ಕು ಮಂದಿ ಭುಜ ಕೊಟ್ಟು ಬಾಗಿಲು ಮುರಿಯುವಷ್ಟರಲ್ಲಿ ಜೀವ ಹೋಗಿತ್ತು. "ಹತ್ತು ನಿಮಿಷ ಮೊದಲ ಸಿಕ್ಕಿದ್ರ ನೋಡಬಹುದಿತ್ತು," ಅಂದರು ಡಾಕ್ಟರು. ಚನ್ನವೀರಪ್ಪ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಆಳು ಕರೆಸಿ ಇಪ್ಪತ್ತೆರಡೂ ಅಗಳಿ ಕೀಳಿಸಿದರು. ತೂತುಗಳಿಗೆ ಲಪ್ಪ ತುಂಬಿಸಿ ಬಣ್ಣ ಹೊಡೆಸಿದರು.

"ಇನ್ನ ನನ್ನ ಲಾಡ್ಜಿನಾಗ ಯಾರೂ ಬಾಗಲಾ ಹಾಕ್ಕೊಂಡು ಸಾಯಬಾರದು," ಅಂದರು. ಮನಸ್ಸಿನಿಂದಲೇ ಅಂದರು. ವೈರಿ ಹೋದನೆಂದು ನಾನು ಒಳಗೊಳಗೇ ಖುಷಿಪಟ್ಟೆ.

ಮರುವರ್ಷ ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋಗುವಾಗ ನನ್ನನ್ನು ಉಡದಾರದಿಂದ ಬಿಚ್ಚಿ, ಕೌಂಟರಿನ ಹಿಂದಿನ ಗೋಡೆಯಲ್ಲಿ ದೇವರ ಫೋಟೊದ ಕೆಳಗಿನ ಮೊಳೆಗೆ ಹಾಕಿದರು. ತಿರುಗಿ ಬಂದ ಮೇಲೆ ಹೊಲಿಗೆಗೆ ಒತ್ತುತ್ತದೆಂದು ಕಟ್ಟಿಕೊಳ್ಳಲಿಲ್ಲ. ಆ ಮೊಳೆಯೇ ನನ್ನ ಮನೆಯಾಯಿತು. ದಿನಾ ಬೆಳಿಗ್ಗೆ ಪೂಜೆಯಲ್ಲಿ ನನಗೂ ಪಾಲು ಸಿಗುತ್ತಿತ್ತು. ಒಣ ಕುಂಕುಮ ಉದುರಿ ರಿಜಿಸ್ಟರಿನ ಮೇಲೆ ಬೀಳುತ್ತದೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ನನ್ನ ಕುತ್ತಿಗೆಗೆ ದಪ್ಪಗೆ ಹಚ್ಚುತ್ತಿದ್ದರು. ಯಾರಾದರೂ ಕೀಲಿಕೈ ಹೀಗೆ ಬಯಲಲ್ಲಿ ತೂಗುಹಾಕಿದ್ದೀರಲ್ಲ ಎಂದು ಕೇಳಿದರೆ ಅವರದು ಒಂದೇ ಉತ್ತರ.

"ದೇವರ ಮುಂದ ಐತಿ. ಅದನ್ನ ಮುಟ್ಟೋ ಧೈರ್ಯ ಯಾರಿಗೈತಿ?"

ಫೋಟೊದೊಳಗಿದ್ದ ದೇವರನ್ನು ಈ ಕಾವಲು ಕೆಲಸಕ್ಕೆ ಒಪ್ಪಿಗೆಯೇ ಎಂದು ಯಾರೂ ಕೇಳಿರಲಿಲ್ಲ.

ಕೌಂಟರಿನಲ್ಲಿ ಕೂರುತ್ತಿದ್ದವನು ಗುರುಸಿದ್ಧ, ಹನ್ನೊಂದು ವರ್ಷದ ಹಳೆಯ ಮ್ಯಾನೇಜರ್. ಬಾಯಿ ಸಕ್ಕರೆ. ಬಂದ ಹೆಣ್ಣುಮಕ್ಕಳಿಗೆಲ್ಲ 'ಅಕ್ಕಾರ' ಎಂದೇ ಮಾತು. ಯಾರಾದರೂ ಒಬ್ಬರೇ ಬಂದರೆ ಕೆಲಸದ ಹನುಮವ್ವನಿಗೆ ಕೇಳಲೆಂದು ಮೆಟ್ಟಿಲ ಕಡೆ ಮುಖ ಮಾಡಿ ಕೂಗುತ್ತಿದ್ದ. "ಹನುಮವ್ವಾ, ಆರನೇದಕ್ಕ ಅಕ್ಕಾರ ಒಬ್ಬರ ಬಂದಾರ, ಚಾದರಾ ಹಾಕು." ಯಾವ ಕೋಣೆ, ಎಷ್ಟು ಜನ ಎಂಬುದು ಹನುಮವ್ವನಿಗಿಂತ ಮೊದಲು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದವರಿಗೆಲ್ಲ ತಿಳಿಯುತ್ತಿತ್ತು. ಅದರಲ್ಲಿ ತಪ್ಪಿದೆ ಎಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ.

ಆ ಆರನೆಯ ಕೋಣೆಗೆ ಬಂದವರು ನಳಿನಾಕ್ಷಿ ಎಂಬ ಪುತ್ತೂರಿನ ಹೆಣ್ಣುಮಗಳು. ಶಾಲೆಗಳಿಗೆ ಭೂಪಟ ಮಾರುವ ಕೆಲಸ. ಆಕೆ ಬೆಳಿಗ್ಗೆ ಶಾಲೆಗಳಿಗೆ ಹೋದ ಮೇಲೆ ಗುರುಸಿದ್ಧನ ಕೈ ನನ್ನ ಮೇಲೆ ಬಿತ್ತು. ನಲ್ಲಿ ಬಿಟ್ಟು ಹೋಗಿರಬೇಕು, ನಿಲ್ಲಿಸಲು ಹೊರಟಿದ್ದಾನೆ ಎಂದುಕೊಂಡೆ. ಅವನು ಬಾಗಿಲು ತೆಗೆದು ನನ್ನನ್ನು ಮಂಚದ ಮೇಲೆ ಎಸೆದ. ಆಕೆಯ ಬ್ಯಾಗಿನ ಜಿಪ್ ಎಳೆದ. ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಮುಖದ ಹತ್ತಿರ ಹಿಡಿದು, ಮತ್ತೆ ಮಡಚಿಟ್ಟ. ನಾನು ಮಂಚದ ಮೇಲೆ ಬಿದ್ದುಕೊಂಡು ಎಲ್ಲ ನೋಡಿದೆ. ಅಷ್ಟು ಕಾಲ ದಿನಾ ನನ್ನೆದುರು ಕೈಮುಗಿದು ಕೆಲಸ ಶುರುಮಾಡುತ್ತಿದ್ದ ಮನುಷ್ಯ ಇವನೇನಾ ಎಂದು ನನಗೆ ದಿಕ್ಕೇ ತೋಚಲಿಲ್ಲ.

ಮಧ್ಯಾಹ್ನ ಆಕೆ ಕೆಳಗೆ ಬಂದು ಕೌಂಟರಿನ ಮುಂದೆ ನಿಂತರು. ಮುಖ ಬಿಳಚಿಕೊಂಡಿತ್ತು.

"ನನ್ನ ರೂಮಿಗೆ ಯಾರೋ ಬಂದಿದ್ದಾರೆ. ನಾನು ಬಟ್ಟೆ ಮಡಚುವಾಗ ತೋಳು ಒಳಗೆ ಹಾಕುವುದು. ಈಗ ಎಲ್ಲದರದ್ದೂ ಹೊರಗುಂಟು."

"ಅಡ್ಡಾಡಿ ದಣದೀರಿ ಅಕ್ಕಾರ, ಮರತಿರ್ತೀರಿ," ಅಂದ ಗುರುಸಿದ್ಧ. ಚನ್ನವೀರಪ್ಪ ನನ್ನ ಕಡೆ ಬೆರಳು ತೋರಿಸಿದರು. "ಕೀಲಿಕೈ ದೇವರ ಮುಂದ ಐತಿ ನೋಡ್ರಿ ಬಾಯಾರ. ಯಾರ ಬರ್ತಾರ?" ಪಡಸಾಲೆಯಲ್ಲಿದ್ದ ಒಬ್ಬಾತ ಪೇಪರಿನ ಹಿಂದೆ ನಕ್ಕ. ಆಕೆ ಅದೇ ಗಳಿಗೆಯಲ್ಲಿ ಭೂಪಟಗಳ ಸುರುಳಿ ಎತ್ತಿಕೊಂಡು ಹೊರಟುಹೋದರು. ಮರುದಿನ ಬೆಳಿಗ್ಗೆ ನನಗೆ ಎಂದಿನಂತೆ ಕುಂಕುಮ ಹಚ್ಚಿದರು. ಆವತ್ತು ಅದು ಕುತ್ತಿಗೆಯನ್ನು ಸುಟ್ಟಂತಾಯಿತು.

ಐದು ತಿಂಗಳಾದ ಮೇಲೆ ಪ್ರಫುಲ್ಲಾ ಬಡಿಗೇರ ಬಂದರು. ಬೈಲಹೊಂಗಲದ ಕಡೆಯ ಪಿ.ಟಿ. ಟೀಚರ್, ವಾಲಿಬಾಲ್ ರೆಫರಿ. ಹೈಸ್ಕೂಲ್ ಹುಡುಗಿಯರ ಪಂದ್ಯಾವಳಿಗೆ ಮೂರು ದಿನದ ಮಟ್ಟಿಗೆ. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು. ಹದಿನಾಲ್ಕನೆಯ ಕೋಣೆ ಕೊಟ್ಟರು. ಐದೇ ನಿಮಿಷಕ್ಕೆ ತಿರುಗಿ ಕೆಳಗೆ ಬಂದರು.

"ಬಾಗಲಕ್ಕ ಅಗಳಿ ಇತ್ತಲ್ರಿ? ಲಪ್ಪ ತುಂಬಿ ಬಣ್ಣಾ ಹಚ್ಚೀರಿ. ಯಾಕ ತೆಗದ್ರಿ?"

"ಎಲ್ಲಾ ರೂಮಿಗೂ ತೆಗದೀವಿ ಅಕ್ಕಾರ. ಚಿಂತಿ ಮಾಡಬ್ಯಾಡ್ರಿ, ನಾ ಇಲ್ಲೇ ಅದೀನಲ್ಲ."

"ಬಡಗ್ಯಾನ ಮಗಳ್ರಿ ನಾನು. ಅಗಳಿ ಇಲ್ಲದ ಬಾಗಲಾ ನೋಡಿದ್ರ ನನಗ ನಿದ್ದಿ ಬರಂಗಿಲ್ಲ," ಅಂದು ಅವನನ್ನು ಒಂದು ಸಲ ನೋಡಿ ಮೇಲೆ ಹೋದರು.

ಮರುದಿನ ಮಧ್ಯಾಹ್ನ. ಚನ್ನವೀರಪ್ಪ ಊಟಕ್ಕೆ ಮನೆಗೆ ಹೋಗಿದ್ದರು. ಹನುಮವ್ವ ಮಾಳಿಗೆಯ ಮೇಲೆ ಚಾದರ ಒಣಹಾಕುತ್ತಿದ್ದಳು. ಪ್ರಫುಲ್ಲಾ ಮೈದಾನದಿಂದ ಬಂದು, "ಮೂರೂವರಿಗೆ ಮತ್ತ ಮ್ಯಾಚ್ ಐತಿ, ಒಂದೀಟ ಮಲಗತೀನಿ," ಎಂದು ತಮ್ಮ ಕೀಲಿಕೈ ಇಸಿದುಕೊಂಡು ಮೇಲೆ ಹೋದರು. ಅರ್ಧ ಗಂಟೆ ಕಳೆಯಿತು. ಗುರುಸಿದ್ಧನ ಕೈ ಬಂತು.

ಮೆಟ್ಟಿಲ ಹತ್ತಿರ ಅವನು ಚಪ್ಪಲಿ ಬಿಚ್ಚಿಟ್ಟ. ಹನ್ನೊಂದು ವರ್ಷ ಆ ಚಪ್ಪಲಿಯ ಚಟಪಟ ಕೇಳಿದ್ದ ನನಗೆ ಆ ಸಪ್ಪಳವಿಲ್ಲದ ನಡಿಗೆ ಹೊಸದು. ಹಿಂದಿನ ಸಲ ಖಾಲಿ ಕೋಣೆಯಿತ್ತು. ಈ ಸಲ ಒಳಗೆ ಒಂದು ಜೀವ ಮಲಗಿದೆ. ಅವನ ಬೆರಳು ಬೆವತು ನಾನು ಜಾರುತ್ತಿದ್ದೆ. ಅವನು ನನ್ನ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಅದುಮಿ ಬೀಗಕ್ಕೆ ತುರುಕಿದ. ಇಲ್ಲಿಯೇ ನನ್ನ ಹಲ್ಲು ಮುರಿದುಹೋಗಲಿ ಎಂದು ಬೇಡಿಕೊಂಡೆ. ರಸೂಲ್‌ಸಾಬರ ಕೆಲಸ, ಮುರಿಯಲಿಲ್ಲ. ಬೀಗ ಬೆಣ್ಣೆಯಂತೆ ತಿರುಗಿತು.

ಬಾಗಿಲು ಒಂದು ಬೆರಳಿನಷ್ಟು ಸರಿದು ನಿಂತಿತು. ಅವನು ಒತ್ತಿದ. ಜಗ್ಗಲಿಲ್ಲ. ಅಪ್ಪ ಕೆತ್ತಿಕೊಟ್ಟ ಒಂದು ತೇಗದ ಬೆಣೆಯನ್ನು ಪ್ರಫುಲ್ಲಾ ಬಾಗಿಲ ಕೆಳಗೆ ಬಡಿದಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ.

"ಯಾರು?" ಒಳಗಿನಿಂದ ದನಿ ಬಂತು.

ಆಮೇಲೆ ಅವನು ಮಾಡಿದ್ದೇನಿದೆ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಒಳಗಿನವರು ಎಚ್ಚರವಾಗಿದ್ದಾರೆಂದು ತಿಳಿದ ಮೇಲೆಯೂ ಅವನು ಭುಜ ಕೊಟ್ಟು ಇನ್ನೊಂದು ಸಲ ನೂಕಿದ.

ಆಗ ಸೀಟಿ ಕೂಗಿತು. ಉಸಿರು ಮುಗಿಯುವವರೆಗೆ ಒಂದು, ಮತ್ತೆ ಇನ್ನೊಂದು. ಅವನು ನನ್ನನ್ನು ಕಿತ್ತುಕೊಂಡು ಓಡಿದ. ಜನ ಕೋಣೆಗಳಿಂದ ಹೊರಗೆ ಬರುವಷ್ಟರಲ್ಲಿ ನಾನು ಮೊಳೆಯ ಮೇಲಿದ್ದೆ, ಅವನು ರಿಜಿಸ್ಟರ್ ತೆರೆದು ಕೂತಿದ್ದ.

ಚನ್ನವೀರಪ್ಪ ಊಟ ಬಿಟ್ಟು ಓಡಿಬಂದರು. "ನಾ ಕುಂತಲ್ಲಿಂದ ಎದ್ದಿಲ್ರಿ ಧಣಿ. ಅಕ್ಕಾರು ಕನಸು ಕಂಡಾರ," ಅಂದ ಗುರುಸಿದ್ಧ. ಏಳನೆಯ ಕೋಣೆಯ ಗೃಹಸ್ಥರೊಬ್ಬರು, "ಹೆಣ್ಣಮಕ್ಕಳು ಒಬ್ಬೊಬ್ಬರ ಅಡ್ಡಾಡಿದ್ರ ಹಿಂಗ ಹೆದರಿಕಿ ಆಗೂದ," ಎಂದು ತಮ್ಮ ಪಾಲಿನ ತೀರ್ಪು ಕೊಟ್ಟರು. ಚನ್ನವೀರಪ್ಪನವರ ಬೆರಳು ನನ್ನ ಕಡೆ ಎದ್ದಿತು.

"ಬಾಯಾರ, ಕೀಲಿಕೈ ದೇವರ ಮುಂದ..."

ಅದೇ ಬೆರಳು, ಅದೇ ಮಾತು. ಈಕೆಯೂ ಬ್ಯಾಗು ಎತ್ತಿಕೊಂಡು ಹೋಗುತ್ತಾರೆ, ನಾಳೆ ನನಗೆ ಮತ್ತೆ ಕುಂಕುಮ ಹಚ್ಚುತ್ತಾರೆ ಎಂದುಕೊಂಡೆ. ನನಗೊಂದು ಬಾಯಿ ಇರಬಾರದಿತ್ತೇ ಎಂದು ಅಷ್ಟು ಹಲುಬಿದ್ದು ಆವತ್ತೇ.

"ಆ ಕೀಲಿಕೈ ತಗೊಂಡು ಮ್ಯಾಲ ಬರ್ರಿ," ಅಂದರು ಪ್ರಫುಲ್ಲಾ.

ಹದಿನಾಲ್ಕರ ಬಾಗಿಲ ಮುಂದೆ ಎಲ್ಲರೂ ನಿಂತರು. ಬೀಗದ ಬಾಯಿಯ ಸುತ್ತಲಿನ ಬಿಳಿ ತಗಡಿನ ಮೇಲೆ ಕೆಂಪಗೆ ಒಂದು ಗೀರು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಇನ್ನೂ ಹಸಿ. ಚನ್ನವೀರಪ್ಪ ತಗಡನ್ನು ನೋಡಿದರು. ಕೈಯಲ್ಲಿದ್ದ ನನ್ನನ್ನು ನೋಡಿದರು. ಬೆಳಿಗ್ಗೆ ಅವರೇ ಹಚ್ಚಿದ ಕುಂಕುಮ ನನ್ನ ಕುತ್ತಿಗೆಯಲ್ಲಿ ಅರ್ಧ ಉಜ್ಜಿಹೋಗಿತ್ತು.

ಅವರ ಹೆಗಲ ಮೇಲಿನ ವಸ್ತ್ರ ಕೈಗೆ ಬಂತು. ಕೈ ಮೆಲ್ಲಗೆ ತಗಡಿನ ಕಡೆ ಎದ್ದಿತು. ತಾಯಿಯ ಹೆಸರಿನ ಲಾಡ್ಜು, ಹನ್ನೊಂದು ವರ್ಷದ ಮರ್ಯಾದೆ. ಒಂದು ಸಲ ಒರೆಸಿದರೆ ಎಲ್ಲ ಮೊದಲಿನಂತೆ.

"ಒರೆಸಬ್ಯಾಡ್ರಿ," ಅಂದರು ಪ್ರಫುಲ್ಲಾ. ದನಿ ಏರಿಸಲಿಲ್ಲ. "ವರ್ಷದಾಗ ನೂರು ದಿನ ನಾ ಊರೂರು ಅಡ್ಡಾಡತೀನಿ. ಮನ್ಯಾಗ ಮೊದಲ ಬ್ಯಾಡ ಅಂತಾರ. ನೀವು ಇದನ್ನ ಒರೆಸಿದ್ರ ನಾ ಹೇಳಿದ್ದು ಸುಳ್ಳಾಗತೈತಿ. ಈ ಸೀಟಿ ಗೂಟಕ್ಕ ಹಾಕಿ ನಾ ಮನ್ಯಾಗ ಕುಂದರಬೇಕಾಗತೈತಿ."

ಚನ್ನವೀರಪ್ಪನವರ ಕಣ್ಣು ಆಕೆಯ ಸೀಟಿಯ ಮೇಲೆ ನಿಂತಿತು. ಕೊನೆಗೆ ವಸ್ತ್ರ ಹೆಗಲಿಗೆ ಹೋಯಿತು.

"ಇದು ನಾ ಹಚ್ಚಿದ ಕುಂಕುಮ," ಅಂದರು. ಆಮೇಲೆ ತಿರುಗಿ, "ಗುರುಸಿದ್ಧಾ, ಕೈ ತೋರಸು," ಅಂದರು.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದ. ಜೇಬಿನ ಅಂಚು ಕೆಂಪಾಗಿತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು.

ಚನ್ನವೀರಪ್ಪ ಪ್ರಫುಲ್ಲಾ ಅವರ ಕಡೆ ತಿರುಗಿದರು. "ಆ ಭೂಪಟದ ಬಾಯಾರೂ ಹೇಳಿದ್ರು. ನಾ ಕೇಳಲಿಲ್ಲ," ಅಂದರು. ಹನುಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಏಳನೆಯ ಕೋಣೆಯ ಗೃಹಸ್ಥರು ಸದ್ದಿಲ್ಲದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಪೊಲೀಸರು ನನ್ನನ್ನು ಬಟ್ಟೆಯ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿದರು. ಅಂದಿನಿಂದ ಸಾಕ್ಷಿಯ ಸಾಮಾನಿಡುವ ಕೋರ್ಟಿನ ಮಾಲಖಾನೆಯೇ ನನ್ನ ಊರು. ವಿಚಾರಣೆಯ ದಿನ ಚೀಲ ಬಿಚ್ಚಿ ನನ್ನನ್ನು ಮೇಜಿನ ಮೇಲಿಟ್ಟರು. ಚನ್ನವೀರಪ್ಪ ಕಟಕಟೆಯಲ್ಲಿ ನಿಂತು ಒಂದು ಮಾತನ್ನೂ ಮುಚ್ಚಿಡದೆ ಹೇಳಿದರು. ಪತ್ರಿಕೆಯಲ್ಲಿ ಸುದ್ದಿ ಓದಿದ್ದ ನಳಿನಾಕ್ಷಿಯೂ ಪುತ್ತೂರಿನಿಂದ ಸಾಕ್ಷಿಗೆ ಬಂದಿದ್ದರು. ಅದೇ ತೋಳಿನ ಮಾತನ್ನು ಮತ್ತೊಮ್ಮೆ ಹೇಳಿದರು. ಈ ಸಲ ಯಾರೂ ನಗಲಿಲ್ಲ, ಒಬ್ಬರು ಅದನ್ನು ಬರೆದುಕೊಂಡರು. ಹೊರಗೆ ಹೋಗುವಾಗ ಚನ್ನವೀರಪ್ಪ ಆಕೆಗೆ ಕೈಮುಗಿದರು. ಆಕೆ ತಿರುಗಿ ಕೈಮುಗಿಯಲಿಲ್ಲ. ಯಾಕೆ ಮುಗಿಯಬೇಕು?

ಗುರುಸಿದ್ಧನಿಗೆ ಶಿಕ್ಷೆಯಾಯಿತು. ಅದಾಗಿ ಎಷ್ಟೋ ದಿನಗಳ ಮೇಲೆ ಗುಮಾಸ್ತರು ನನ್ನನ್ನು ವಾಪಸು ಕೊಡಲು ಚನ್ನವೀರಪ್ಪನವರನ್ನು ಕರೆಸಿದರು. ಹೊಟ್ಟೆ ಕರಗಿ, ಅಂಗಿ ಜೋಲುತ್ತಿತ್ತು. ನನ್ನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಎಲ್ಲಿ ಇಡ್ಲಿರಿ ಇದನ್ನ?" ಅಂದರು. "ಉಡದಾರಕ್ಕ ಕಟ್ಕೋ ಅಂತ ಸಾಬ್ರು ಅಂದಿದ್ರು. ದೇವರ ಮ್ಯಾಲ ಹಾಕಿ ನಾ ಆರಾಮ ಕುಂತೆ."

"ಲಾಡ್ಜಿಗೆ ಬ್ಯಾಡೇನ್ರಿ?" ಕೇಳಿದರು ಗುಮಾಸ್ತರು.

"ಬೀಗ ಬ್ಯಾರೆ ಹಾಕಿಸೀನಿ. ಆ ಸೀಟಿ ಬಾಯಾರ ತಂದೀನ ಕರಸಿ ಎಲ್ಲಾ ಬಾಗಲಕ್ಕ ಅಗಳಿ ಜಡಿಸೀನಿ. ಯಾರಿಗರ ಆರಾಮ ತಪ್ಪಿದ್ರ ಬಾಗಲಾ ಮುರೀತೀನಿ. ಬಾಗಲಾ ಮತ್ತ ಮಾಡಸಬಹುದು." ಮತ್ತೆ ಅಂದರು. "ಹ್ವಾದ ತಿಂಗಳ ಅವರು ಮ್ಯಾಚಿಗೆ ಬಂದಿದ್ರು. ಹದಿನಾಲ್ಕನೇದ ಕೊಡ್ರಿ ಅಂದ್ರು. ಅಗಳಿ ಎಳಕೊಂಡಿದ್ದು ಕೆಳಗ ಕೌಂಟರ್ ತನಾ ಕೇಳಿಸ್ತು."

ನನ್ನನ್ನು ಮೇಜಿನ ಮೇಲಿಟ್ಟು ಅವರು ಮೆಟ್ಟಿಲಿಳಿದು ಹೋದರು. ಗುಮಾಸ್ತರು ನನ್ನನ್ನು ಕೆಳಗಿನ ಖಾನೆಯೊಳಗೆ ಹಾಕಿದರು. ಇಲ್ಲಿ ನನಗೆ ಜೊತೆಗೆ ಒಂದು ಮೊಂಡು ಚಾಕು ಇದೆ, ಕಾಗದದ ಪೊಟ್ಟಣದಲ್ಲಿ ಯಾರದೋ ಒಡೆದ ಬಳೆಗಳಿವೆ. ನನ್ನ ಹಲ್ಲಿಗೆ ಹಸಿರು ಕಿಲುಬು ಹತ್ತಿದೆ. ನಾನು ತೆರೆಯುವ ಬಾಗಿಲು ಈಗ ಎಲ್ಲಿಯೂ ಇಲ್ಲ. ಅದಕ್ಕೆ ದುಃಖವಿಲ್ಲ. ನೀವು ಯಾವ ಊರಿಗೆ ಹೋಗಿ ಯಾವ ಕೋಣೆಯಲ್ಲಿ ಇಳಿದುಕೊಂಡರೂ ಮೊದಲು ಬಾಗಿಲಿನ ಒಳಮೈ ನೋಡಿಕೊಳ್ಳಿ, ನನ್ನಂಥವರನ್ನು ನಂಬಬೇಡಿ. ಇಪ್ಪತ್ತೆರಡು ಬೀಗಗಳು ನನಗಾಗಿ ತೆರೆದುಕೊಂಡ ಸಪ್ಪಳವನ್ನು ಸಾವಿರ ಸಲ ಕೇಳಿದ್ದೇನೆ. ಹದಿನಾಲ್ಕನೆಯ ಕೋಣೆಯ ಆ ಒಂದು 'ಟಕ್' ಮಾತ್ರ ನನಗೆ ಕೇಳಲು ಸಿಗಲಿಲ್ಲ.