ಪಕ್ಕದಲ್ಲಿ ಕೂತವರಿಗೆ ಕೇಳಬಾರದು

ರಾಮನಗರದ ಹಳೇ ಬಸ್ ಸ್ಟ್ಯಾಂಡಿನ ಹಿಂದಿದ್ದ ಬಾಬಾಜಾನನ ರೇಡಿಯೋ ಅಂಗಡಿಗೆ ಭಾನುಪ್ರಿಯ ನುಗ್ಗಿದ್ದು ಯಾರ ಕಣ್ಣಿಗೂ ಬೀಳದ ಹಾಗೆ. ಕೈಚೀಲದಲ್ಲಿ ರೇಷ್ಮೆ ಹುಳದ ಮನೆಗೆಂದು ಕೊಂಡ ಬ್ಲೀಚಿಂಗ್ ಪೌಡರ್ ಇತ್ತು. ಅದು ಅತ್ತೆ ಹೇಳಿದ ಕೆಲಸ. ಹೆಡ್‌ಫೋನ್ ಕೊಳ್ಳುವುದು ಮಾತ್ರ ಅವಳದೇ ಸ್ವಂತ ಕೆಲಸ. ಕೈಲಾಂಚದ ಕಡೆ ಹೋಗುವ ಬಸ್ಸು ಆಗಲೇ ಬಂದು ನಿಂತು ಗುರುಗುಡುತ್ತಿತ್ತು. ಅದರೊಳಗೆ ಊರಿನವರು ಯಾರ್ಯಾರು ಕೂತು ಇತ್ತ ನೋಡುತ್ತಿದ್ದಾರೋ ದೇವರೇ ಬಲ್ಲ.

ಬಾಬಾಜಾನ್ ನಿಧಾನಸ್ಥ. ಒಂದೊಂದಾಗಿ ಮೂರನ್ನು ತೆಗೆದು ಗಾಜಿನ ಮೇಲಿಟ್ಟ. ಸ್ಪಂಜು ಮೆತ್ತಿದ್ದ ತೀರಾ ಅಗ್ಗದ್ದೊಂದು. ಹಿಂಬದಿಗೆ ಜಾಲರಿಯಿದ್ದ ಭರ್ಜರಿಯಾದದ್ದೊಂದು. ಮೂರನೆಯದು ಕಪ್ಪಗೆ, ಹಿಂಬದಿ ಪೂರಾ ಮುಚ್ಚಿಕೊಂಡು, ಎರಡು ಸಣ್ಣ ಬಟ್ಟಲು ಜೋಡಿಸಿದಂತಿತ್ತು.

"ಜಾಲರಿದು ಓಪನ್ನು ಅಕ್ಕಾ. ಹಾಡು ಬಿಡಿಬಿಡಿಯಾಗಿ ಕೇಳ್ತದೆ. ಈ ಕರೀದು ಕ್ಲೋಸ್ಡು. ಇದ್ರಲ್ಲಿ ಬೇಸ್ ಜಾಸ್ತಿ, ಆದ್ರೆ ಕಿವಿ ಒಸಿ ಬೆವರ್ತದೆ."

"ಪಕ್ಕದಲ್ಲಿ ಕೂತಿರೋರ್ಗೆ ಯಾವ್ದು ಕೇಳಲ್ಲ ಅಣ್ಣಾ?"

ಬಾಬಾಜಾನ್ ನಕ್ಕ. "ಎಲ್ರೂ ತಮಗೆ ಚೆನ್ನಾಗ್ ಕೇಳ್ತದಾ ಅಂತ ವಿಚಾರಿಸ್ತಾರೆ. ನೀವೊಬ್ರೇ ನೋಡಿ, ಪಕ್ಕದೋರ ವಿಚಾರ ಮಾಡ್ತಿರೋದು."

ನಗುವ ಹೊತ್ತಲ್ಲ ಅದು. ಅವನಿಗೇ ಒಂದೊಂದನ್ನು ಹಾಕಿಸಿ, ತಾನು ಕಿವಿ ಚಾಚಿ ನಿಂತಳು. ಸ್ಪಂಜಿನದು ಚಿಂವ್ ಚಿಂವ್ ಎಂದು ಗುಟ್ಟು ಬಿಟ್ಟುಕೊಟ್ಟಿತು. ಜಾಲರಿಯದಂತೂ ಹಾಡಿನ ಸಾಲು ಸಾಲನ್ನೇ ಅಂಗಡಿಗೆಲ್ಲ ಒಪ್ಪಿಸಿತು. ಕಪ್ಪನೆಯದನ್ನು ಹಾಕಿಕೊಂಡಾಗ ಮಾತ್ರ ಏನೂ ಇಲ್ಲ. ಬಾಬಾಜಾನ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದ, ಅಷ್ಟೇ. "ಅಣ್ಣಾ" ಎಂದು ಕರೆದಳು. ಇನ್ನೊಮ್ಮೆ ಗಟ್ಟಿಯಾಗಿ ಕರೆದಳು. ಕಂಡಕ್ಟರು ಸೀಟಿ ಊದಿದ. ಬಾಬಾಜಾನನಿಗೆ ಯಾವುದರ ಪರಿವೆಯೂ ಇರಲಿಲ್ಲ.

"ಒಳಗಿಂದು ಹೊರಗ್ ಬರಲ್ಲ, ಹೊರಗಿಂದು ಒಳಗ್ ಹೋಗಲ್ಲ," ಎಂದ ಅದನ್ನು ತೆಗೆಯುತ್ತ, ಹೊಗಳುವ ದನಿಯಲ್ಲಿ. ಭಾನುಪ್ರಿಯ ಆ ಮಾತಿನ ಮೊದಲರ್ಧವನ್ನಷ್ಟೇ ತೆಗೆದುಕೊಂಡಳು. ಜಾಲರಿಯದರ ಅರ್ಧ ಬೆಲೆಗೆ ಸಿಕ್ಕಿದ್ದು ಬೇರೆ ಖುಷಿ. ಪೌಡರ್ ಚೀಲದ ಅಡಿಗೆ ಅದನ್ನು ತುರುಕಿ, ಓಡಿ ಬಸ್ಸು ಹತ್ತಿದಳು.

ಇಷ್ಟೊಂದು ಭಯ ಯಾಕೆಂದರೆ, ಅತ್ತೆ ಸರಸಮ್ಮನ ಕಿವಿ ಸುತ್ತ ಹಳ್ಳಿಗಳಿಗೆಲ್ಲ ಹೆಸರಾದ ಕಿವಿ. ರೇಷ್ಮೆ ಹುಳ ಪೊರೆ ಬಿಡಲು ಸುಮ್ಮನೆ ಮಲಗುವುದನ್ನು ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಬಕಾಸುರನ ಹಸಿವು. ಸೊಪ್ಪು ಹಾಕಿದರೆ ಹುಳದ ಮನೆ ತುಂಬ ಮಳೆ ಹನಿದಂಥ ಸದ್ದು. ಜಗಲಿಯಲ್ಲೇ ಕೂತು ಆ ಸದ್ದು ಕೇಳಿ, ಯಾವ ತಟ್ಟೆಯಲ್ಲಿ ಸೊಪ್ಪು ತೀರಿತು, ಯಾವ ತಟ್ಟೆಯ ಹುಳಕ್ಕೆ ಮೈ ಸರಿಯಿಲ್ಲ ಎಂದು ಸರಸಮ್ಮ ಹೇಳಿಬಿಡುತ್ತಿದ್ದಳು. ಅಂಥ ಕಿವಿಯ ಮಗ್ಗುಲಲ್ಲಿ ಕೂತು ಎಫ್‌ಎಂ ಕೇಳುವುದೆಂದರೆ ಹುಡುಗಾಟವೇ?

ಕೂರಲೇಬೇಕಿತ್ತು, ಅದೇ ಕಷ್ಟ. ಈ ಬೆಳೆಯಲ್ಲಿ ಅತ್ತೆ ಹೊಸದೊಂದು ಕಟ್ಟಳೆ ತಂದಿದ್ದಳು. ಸೊಸೆ ಹುಳದ ಮನೆಯೊಳಗೇ ಇರಬೇಕು, ಕಾಲ್ಗೆಜ್ಜೆ ಬಿಚ್ಚಿಡಬೇಕು. ಗಳಿಗೆಗೊಮ್ಮೆ ಅತ್ತೆ ಗದ್ದವೆತ್ತಿ, "ಹೆಂಗ್ ತಿಂತಾವೆ ಮಗಾ?" ಎಂದು ಕೇಳುವಳು. "ಚೆನ್ನಾಗ್ ತಿಂತಾವೆ ಅತ್ತೆ" ಎನ್ನಬೇಕು. ತನಗೇ ಗೊತ್ತಿರುವುದನ್ನು ಇನ್ನೊಬ್ಬರ ಬಾಯಿಂದ ಹೇಳಿಸುವ ಈ ಮೇಷ್ಟರ ಕೆಲಸ ಯಾಕೆಂದು ಭಾನುಪ್ರಿಯಳಿಗೆ ಮೈ ಉರಿಯುತ್ತಿತ್ತು.

ಅದು ರಾಮನಗರ ಜಿಲ್ಲೆಯಾದ ವರ್ಷ. ಬಿಡದಿಯ ಕಾರ್ಖಾನೆಗಳು ಹಬ್ಬಿಕೊಳ್ಳುತ್ತ ಬಂದು, ಅವುಗಳ ಗೋಡೌನಿಗೆ ಜಾಗ ಹುಡುಕುವ ದಲ್ಲಾಳಿಗಳು ಊರೂರಲ್ಲಿ ಬೈಕು ನಿಲ್ಲಿಸುತ್ತಿದ್ದರು. ಮುನಿಶಾಮಯ್ಯ ಎಂಬ ದಲ್ಲಾಳಿಯ ಕಣ್ಣು ಸರಸಮ್ಮನ ಹಿಪ್ಪುನೇರಳೆ ತೋಟದ ಮೇಲೆ ಬಿದ್ದಿತ್ತು. ತೋಟ ಅವಳ ತವರಿನವರು ಅರಿಸಿನ ಕುಂಕುಮಕ್ಕೆಂದು ಕೊಟ್ಟದ್ದು, ಅವಳ ಹೆಸರಿನಲ್ಲೇ ಇತ್ತು. ಹಿಂದಿನ ಎರಡು ಬೆಳೆ ನೆಟ್ಟಗಾಗಲಿಲ್ಲ. ಗಂಡ ಹನುಮಂತಯ್ಯ ದಿನಾ ಮಾರುವ ಮಾತೆತ್ತುತ್ತಿದ್ದುದಕ್ಕೆ ಬೇಸತ್ತು, ಕೊನೆಗೆ ಸರಸಮ್ಮ ಎಲ್ಲರೆದುರಿಗೆ ಹೇಳಿಬಿಟ್ಟಿದ್ದಳು: "ಈ ಬೆಳೆ ಕೈ ಕೊಟ್ರೆ ನಾನೇ ಬಂದು ಹೆಬ್ಬೆಟ್ಟು ಒತ್ತೀನಿ. ಅಲ್ಲೀಗಂಟ ತೋಟದ ಮಾತು ಎತ್ಬ್ಯಾಡಿ."

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಭಾನುಪ್ರಿಯಳ ಗಂಡ ಸ್ವಾಮಿಯೂ ಕಾರ್ಖಾನೆಯ ಶಿಫ್ಟಿಗೆ ಹೊರಡುತ್ತ, "ತೋಟ ಹೋದ್ರೇನ್ ಬುಡು, ಊರ ಮುಂದ್ಕೇ ಗಾರ್ಮೆಂಟ್ಸ್ ವ್ಯಾನು ಬತ್ತದೆ. ನೀನೂ ಹತ್ಕೊ," ಎಂದಿದ್ದ. ಮದುವೆಗೆ ಮುಂಚೆ ಅವಳು ಆ ವ್ಯಾನು ಹತ್ತಿದ್ದವಳೇ. ಕತ್ತೆತ್ತದೆ ಕಾಲರು ಹೊಲಿದದ್ದು, ಬಚ್ಚಲಿಗೆ ಹೋಗಲೂ ಸೂಪರ್‌ವೈಸರನ ಮುಖ ನೋಡಿದ್ದು ಅವಳಿಗೆ ಇನ್ನೂ ಮರೆತಿರಲಿಲ್ಲ. ತೋಟದಲ್ಲಾದರೆ ಅವಳು ಯಾರ ಕೈಕೆಳಗಿನವಳೂ ಅಲ್ಲ. "ನಮ್ಮವ್ವ ನಂಗ್ ಕೊಟ್ಟದ್ದು, ನನ್ ತರುವಾಯ ನಿಂದು" ಎಂದು ಅತ್ತೆಯೇ ಬದುವಿನ ಮೇಲೆ ನಿಂತು ಒಮ್ಮೆ ಹೇಳಿದ್ದಳು.

ಇಷ್ಟೆಲ್ಲ ತೂಗಾಡುತ್ತಿರುವಾಗ ಹಾಡು ಬೇಕಿತ್ತಾ ಎಂದು ಕೇಳುವವರು ಕೇಳಲಿ. ಕಿಟಕಿಗೆಲ್ಲ ಗೋಣಿ ಕಟ್ಟಿದ ಮನೆಯಲ್ಲಿ ಹರೆಯದ ಹುಡುಗಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಮಾತಿಲ್ಲದೆ ಹೇಗೆ ಕೂರುತ್ತಾಳೆ ಎಂಬುದನ್ನು ಅವರು ಒಂದು ದಿನ ತಾವೇ ಕೂತು ನೋಡಬೇಕು. ಅಲ್ಲದೆ ಬಾಗಿಲಲ್ಲಿ ಅತ್ತೆಯ ಕಿವಿ ಕಾವಲಿರುವಾಗ ತನ್ನ ಕಿವಿಯಿಂದ ಆಗಬೇಕಾದ್ದೇನು ಎಂದೇ ಅವಳು ನಂಬಿದ್ದಳು.

ತಟ್ಟೆಗೆ ಕೂದಲು ಬೀಳಬಾರದೆಂದು ಹೆಂಗಸರು ಹುಳದ ಮನೆಯಲ್ಲಿ ತಲೆಗೆ ಟವೆಲು ಸುತ್ತುತ್ತಾರೆ. ಅದರಡಿಯಲ್ಲಿ ಹೆಡ್‌ಫೋನು ಅಡಗಿತು. ತವರಿನಲ್ಲಿ ಅಣ್ಣ ಕೊಟ್ಟಿದ್ದ ಪುಟ್ಟ ರೇಡಿಯೋ ಮಡಿಲು ಸೇರಿತು. ಮೊದಲ ದಿನ ದನಿ ತೀರಾ ಇಳಿಸಿ ಕೇಳಿದಳು. ಅತ್ತೆ ತಿರುಗಿಯೂ ನೋಡಲಿಲ್ಲ. ಮಾರನೇ ದಿನ ಧೈರ್ಯ ಬಂತು. ದನಿ ಸ್ವಲ್ಪ ಏರಿಸಿದಳು.

ಮೂರನೇ ದಿನ ತೋಟದ ಸೊಪ್ಪು ಸಾಲದೆ, ಹನುಮಂತಯ್ಯ ಊರಿನವನೇ ಆದ ಅಂಕಯ್ಯನ ತೋಟದಿಂದ ಹೊರೆ ತಂದು ಹಾಕಿದ. ಮಧ್ಯಾಹ್ನದ ಊಟ ಮುಗಿಸಿ ಅತ್ತೆ ಸೊಸೆ ಬಲಗಡೆಯ ಸ್ಟ್ಯಾಂಡಿನ ತಟ್ಟೆಗಳಿಗೆಲ್ಲ ಆ ಸೊಪ್ಪು ಹಾಕಿದರು. ಎಡಗಡೆಯವಕ್ಕೆ ಬೆಳಗಿನದೇ ಇನ್ನೂ ಉಳಿದಿತ್ತು, ಆಮೇಲೆ ಹಾಕಿದರಾಯಿತು ಎಂದು ಸರಸಮ್ಮ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತಳು. ಹೊರಗೆ ಮುನಿಶಾಮಯ್ಯನ ಬೈಕು ಬಂದು ನಿಂತದ್ದು ಭಾನುಪ್ರಿಯಳಿಗೆ ಬಾಗಿಲಿನಿಂದ ಕಂಡಿತು. ಅವನ ಮೋರೆ ನೋಡಲಾರದೆ ಟವೆಲಿನೊಳಗೆ ಕೈ ಹಾಕಿ ಹೆಡ್‌ಫೋನು ಸರಿಪಡಿಸಿಕೊಂಡಳು. ಹಾಡು ಕಿವಿ ತುಂಬಿತು.

ಸ್ವಲ್ಪ ಹೊತ್ತಿಗೆ ಅತ್ತೆಯ ಗದ್ದ ಮೇಲೆದ್ದಿತು. ತುಟಿ ಆಡಿತು. ಏನು ಕೇಳಿದಳೆಂದು ಕೇಳಿಸಬೇಕಾದ್ದೇ ಇಲ್ಲ, ದಿನಾ ಇದ್ದದ್ದೇ.

"ಚೆನ್ನಾಗ್ ತಿಂತಾವೆ ಅತ್ತೆ," ಎಂದಳು ಭಾನುಪ್ರಿಯ.

ಸರಸಮ್ಮ ತಲೆಯಾಡಿಸಿ, ಎಡಗಡೆಯಲ್ಲಿ ಬೆಳಗಿನ ಸೊಪ್ಪು ತೀರಿದ್ದನ್ನು ನೋಡಿ, ಅಲ್ಲಿಗೆ ಹಾಕಲು ಉಳಿದ ಸೊಪ್ಪಿನ ಹೊರೆ ಬಿಚ್ಚಿದಳು.

ಬಾಬಾಜಾನ್ ಹೇಳಿದ ಹಾಗೆ ಕಿವಿ ಬೆವರಿತ್ತು. ಒರೆಸಿಕೊಳ್ಳೋಣವೆಂದು ಹೆಡ್‌ಫೋನನ್ನು ಕುತ್ತಿಗೆಗೆ ಜಾರಿಸಿದಳು. ಹಾಡು ನಿಂತಿತು, ಆದರೆ ಮಳೆ ಸದ್ದು ಬರಲಿಲ್ಲ. ಕಿವಿ ಕಟ್ಟಿರಬೇಕೆಂದು ಬೆರಳಿಟ್ಟು ಆಡಿಸಿದಳು. ಜಗಲಿಯಲ್ಲಿ ಮುನಿಶಾಮಯ್ಯ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿತು. ಕಿವಿ ಸರಿಯಾಗಿಯೇ ಇತ್ತು. ಹುಳದ ಮನೆಯೇ ಸ್ತಬ್ಧವಾಗಿತ್ತು.

ಬಲಗಡೆಯ ತಟ್ಟೆ ಎಳೆದು ನೋಡಿದಳು. ಸೊಪ್ಪು ಹಾಕಿದ್ದು ಹಾಕಿದ ಹಾಗೇ ಇತ್ತು. ಹುಳಗಳು ತಲೆಯೆತ್ತಿ ಅತ್ತಿತ್ತ ವಾಲಾಡುತ್ತಿದ್ದವು, ಬಾಯಲ್ಲಿ ಹಸಿರು ನೀರು. ಇನ್ನೊಂದು ತಟ್ಟೆ ಎಳೆದಳು. ಅಲ್ಲೂ ಅದೇ. ಕೀಟದ ಔಷಧಿ ತಾಗಿದ ಸೊಪ್ಪು! ತಟ್ಟೆಯನ್ನು ಅಲ್ಲೇ ಬಿಟ್ಟು ತಿರುಗಿದಳು. ಆ ಕಡೆ ಅತ್ತೆ ಬೆನ್ನು ತಿರುಗಿಸಿಕೊಂಡು ಎಡಗಡೆಯ ಮೊದಲ ತಟ್ಟೆಗೆ ಅದೇ ಸೊಪ್ಪನ್ನು ಹರವುತ್ತಿದ್ದಳು.

"ಅತ್ತೆ, ಹಾಕ್ಬ್ಯಾಡಿ!"

ಸರಸಮ್ಮ ಇನ್ನೊಂದು ಹಿಡಿ ಹರವಿದಳು.

"ಅತ್ತೇ!"

ಕಿರುಚಿದ್ದಕ್ಕೆ ಜಗಲಿಯಲ್ಲಿ ಗಂಡಸರ ಮಾತು ನಿಂತಿತು. ಮೂರು ಮಾರು ದೂರದಲ್ಲಿದ್ದ ಅತ್ತೆ ತಿರುಗಲಿಲ್ಲ. ಆಗ ಭಾನುಪ್ರಿಯಳಿಗೆ ಒಂದೊಂದೇ ಹೊಳೆಯಿತು: ತನಗೆ ಹುಳದ ಸದ್ದು ಸ್ಪಷ್ಟವಾಗಿ ಕೇಳಲೆಂದು ಬಿಚ್ಚಿಸಿದ ಕಾಲ್ಗೆಜ್ಜೆ, ಗಳಿಗೆಗೊಮ್ಮೆಯ ಪ್ರಶ್ನೆ, ಉತ್ತರ ಹೇಳುವಾಗ ತನ್ನ ತುಟಿಯ ಮೇಲೇ ನೆಟ್ಟಿರುತ್ತಿದ್ದ ಆ ಕಣ್ಣು. ಓಡಿಹೋಗಿ ಅತ್ತೆಯ ರಟ್ಟೆ ಹಿಡಿದಳು.

"ತಿಂತಾ ಇಲ್ಲ. ಒಂದೂ ತಿಂತಾ ಇಲ್ಲ."

ಸರಸಮ್ಮ ಅವಳ ತುಟಿ ನೋಡಿದಳು. "ಈಗ್ತಾನೆ ಚೆನ್ನಾಗ್ ತಿಂತಾವೆ ಅಂದ್ಯಲ್ಲ?"

ಆಮೇಲೆ ಅವಳ ಕಣ್ಣು ಸೊಸೆಯ ಕುತ್ತಿಗೆಗೆ ಇಳಿಯಿತು. ಅಲ್ಲಿ ಆ ಎರಡು ಕಪ್ಪು ಬಟ್ಟಲು ನೇತಾಡುತ್ತಿದ್ದವು.

"ನಿಮ್ಗೆ ಕೇಳ್ತದಲ್ಲ ಅಂತ..." ಎಂದಳು ಭಾನುಪ್ರಿಯ.

"ನಂಗೆಲ್ಲಿ ಕೇಳ್ತದೆ. ಕಿವಿ ಮಂಕಾಗಿ ವರ್ಸಾಯ್ತು. ನಿನ್ ಕಿವೀಲಿ ಕೇಳ್ತಿದ್ದೆ ಕಣಮ್ಮಿ ನಾನು."

ಅಳಲು ಪುರುಸೊತ್ತಿರಲಿಲ್ಲ. ಎಡಗಡೆ ಸೊಪ್ಪು ಬಿದ್ದಿದ್ದ ತಟ್ಟೆಯನ್ನು ಹೊರಗೆಳೆದರು. ಮಿಕ್ಕವಕ್ಕೆ ಸೋಂಕು ಹತ್ತದ ಹಾಗೆ ಸುಣ್ಣದ ಪುಡಿ ಉದುರಿಸಿದರು. ಭಾನುಪ್ರಿಯ ಕುಡುಗೋಲು ಹಿಡಿದು ತೋಟಕ್ಕೆ ಓಡಿ, ಇನ್ನೂ ಬಲಿಯಬೇಕಿದ್ದ ಸಾಲನ್ನೇ ಕೊಯ್ದು ತಂದು ಎಡಗಡೆಯ ತಟ್ಟೆಗಳಿಗೆ ಹಾಕಿದಳು. ಅಷ್ಟರಲ್ಲಿ ಹನುಮಂತಯ್ಯ ಬಾಗಿಲಿಗೆ ಬಂದು ಬಲಗಡೆಯ ತಟ್ಟೆಗಳನ್ನು ನೋಡಿದ್ದ.

"ಕಿವಿ ಎಲ್ಲಿಕ್ಕಿದ್ರಿ ಇಬ್ರೂ? ಇಷ್ಟೊತ್ತಾದ್ರೂ ಗೊತ್ತಾಗ್ಲಿಲ್ವಾ?"

"ನಂದೇ ತಪ್ಪು ಮಾವ," ಭಾನುಪ್ರಿಯ ಹೆಡ್‌ಫೋನನ್ನು ಎತ್ತಿ ತೋರಿಸಿದಳು. "ಹಾಡು ಕೇಳ್ತಿದ್ದೆ. ಅತ್ತೆ ಕೇಳ್ದಾಗ ಸುಳ್ಳು ಹೇಳ್ಬುಟ್ಟೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಸರಸಮ್ಮ ಅಡ್ಡ ನಿಂತಳು. "ಅವ್ಳನ್ನ ಬೈಬ್ಯಾಡಿ. ನಂಗೆ ಕಿವಿ ಕೇಳ್ಸಲ್ಲ. ಹೇಳಿದ್ರೆ ತೋಟ ಕಿತ್ಕೊಂಬುಡ್ತೀರಿ ಅಂತ ಮುಚ್ಚಿಟ್ಟಿದ್ದೆ."

ಒಂದೇ ಮನೆಯಲ್ಲಿದ್ದುಕೊಂಡು ಹೆಂಡತಿಯ ಕಿವಿ ಹೋದದ್ದೇ ತಿಳಿಯದ ಹನುಮಂತಯ್ಯ ಬಾಗಿಲಿನ ಚೌಕಟ್ಟಿಗೆ ಒರಗಿದ. ಅವನ ಹಿಂದಿನಿಂದ ಮುನಿಶಾಮಯ್ಯ ಕತ್ತು ಚಾಚಿದ. "ಹಂಗಾದ್ರೆ ಬೆಳೆ ಹೋಯ್ತು ಅನ್ನಿ. ನೀವೇ ಆಡಿದ್ ಮಾತು ಐತಲ್ಲ ಅಕ್ಕಾ."

ಸರಸಮ್ಮ ಅವನ ತುಟಿಯನ್ನೂ ಓದಿದಳು. "ಎಡಗಡೆ ಸ್ಟ್ಯಾಂಡು ಇನ್ನೂ ಐತೆ. ಈಗ ಹಾಕಿರೋ ಸೊಪ್ಪು ತಿಂದ್ರೆ ಬೆಳೆ ಐತೆ, ಇಲ್ದಿದ್ರೆ ಹೆಬ್ಬೆಟ್ಟು ಒತ್ತೀನಿ. ಕೇಳಿ ಭಾನು ಹೇಳ್ತಾಳೆ."

ಭಾನುಪ್ರಿಯ ಸ್ಟ್ಯಾಂಡಿನ ಮುಂದೆ ಮೊಣಕಾಲೂರಿ ಕೂತಳು. ಹೊಸ ಸೊಪ್ಪಿನ ಅಡಿಯಿಂದ ಒಂದು ಸದ್ದೂ ಇಲ್ಲ. ತಿಂತಾವೆ ಎಂದುಬಿಟ್ಟರೆ ಮುನಿಶಾಮಯ್ಯ ಇವತ್ತಿಗಂತೂ ಹೊರಟುಹೋಗುತ್ತಾನೆ. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟೋ ದಿನದಿಂದ ಆಡಿ ಆಡಿ ಸಲೀಸಾಗಿತ್ತು. ಅದೇ ಮಾತು ಬಲಗಡೆಯ ಹುಳಗಳನ್ನು ಕೊಂದಿತ್ತು. ತುಟಿ ಕಚ್ಚಿ ಹಿಡಿದಳು. ಬಾಗಿಲಲ್ಲಿ ಮುನಿಶಾಮಯ್ಯನ ಬೂಟು ಕಿರುಗುಟ್ಟಿತು.

"ಒಸಿ ಸುಮ್ಕಿರಿ," ಎಂದಳು. ಮಾವನ ಎದುರಿಗೆ ಅವಳು ಅಷ್ಟು ಗಡುಸಾಗಿ ಮಾತಾಡಿದ್ದು ಅದೇ ಮೊದಲು.

ಕಾದಳು. ಬೆವರು ಕಣ್ಣಿಗಿಳಿಯಿತು. ಗಾರ್ಮೆಂಟ್ಸ್ ವ್ಯಾನಿನ ಬಾಗಿಲು ಕಣ್ಣಮುಂದೆ ಬಂದು ನಿಂತಿತ್ತು. ಕೆಳಗಿನ ತಟ್ಟೆಯಲ್ಲಿ ಎಲ್ಲೋ ಒಂದು ಕಡೆ ಚುರ್ ಎಂದಿತು. ಎಲೆ ಮಗುಚಿದ್ದೋ ಏನೋ, ಅವಳು ನಂಬಲಿಲ್ಲ. ಇನ್ನೊಂದು ಕಡೆ ಚುರ್ ಎಂದಿತು. ಅದರ ಮೇಲಿನ ತಟ್ಟೆಯಲ್ಲಿ ನಾಲ್ಕಾರು ಒಟ್ಟಿಗೆ ಶುರುವಾದವು. ಆಮೇಲೆ ಮೆಲ್ಲಗೆ, ತಟ್ಟೆಯಿಂದ ತಟ್ಟೆಗೆ, ಮಳೆ ಹಿಡಿದುಕೊಂಡಿತು.

ಅತ್ತೆಗೆ ಮುಖ ಕಾಣುವ ಹಾಗೆ ತಿರುಗಿ, ಪೂರಾ ತುಟಿ ಬಿಡಿಸಿ ಹೇಳಿದಳು: "ತಿಂತಾವೆ ಅತ್ತೆ."

"ಹಂಗಾದ್ರೆ ಬೆಳೆ ಐತೆ," ಎಂದಳು ಸರಸಮ್ಮ. ಹನುಮಂತಯ್ಯ ತಾನೂ ಒಮ್ಮೆ ಒಳಕ್ಕೆ ಬಾಗಿ ಆಲಿಸಿ, ಮುನಿಶಾಮಯ್ಯನ ಹೆಗಲ ಮೇಲೆ ಕೈಯಿಟ್ಟು ಬೈಕಿನವರೆಗೆ ಕರೆದುಕೊಂಡು ಹೋದ.

ಬಲಗಡೆಯ ಹುಳಗಳನ್ನು ಅತ್ತೆ ಸೊಸೆ ತಿಪ್ಪೆಯಾಚೆ ಗುಂಡಿ ತೆಗೆದು ಮುಚ್ಚಿದರು. ಆಗ ಭಾನುಪ್ರಿಯ ಚೆನ್ನಾಗಿ ಅತ್ತಳು. ಕೈ ತೊಳೆದು ಬಂದವಳೇ ಹೆಡ್‌ಫೋನನ್ನು ಕಸದ ಬುಟ್ಟಿಗೆ ಹಾಕಲು ಹೋದರೆ ಸರಸಮ್ಮ ಕಿತ್ತುಕೊಂಡಳು.

"ಇದ್ನ ಹೆಂಗ್ ಹಾಕ್ಕೊಳ್ಳೋದು?"

ಭಾನುಪ್ರಿಯ ಕೂರಿಸಿಕೊಂಡು ಅವಳ ಓಲೆಗೆ ತಾಗದ ಹಾಗೆ ಹಾಕಿ, ದನಿಯನ್ನು ಕೊನೆಯವರೆಗೆ ಏರಿಸಿದಳು. ಸರಸಮ್ಮ ಗೋಡೆ ನೋಡುತ್ತ ಕೂತಿದ್ದಳು. ತುಸು ಹೊತ್ತಿಗೆ ಅವಳ ಕಣ್ಣು ಅರಳಿ, ಒದ್ದೆಯಾಯಿತು.

"ಕೇಳ್ತದೆ ಕಣಮ್ಮಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಹಾಡು ನಂಗಿರ್ಲಿ. ಹುಳ ನೀನ್ ಕೇಳು."

ಬಾಗಿಲ ಬಳಿಯ ಮಣೆ ಅವತ್ತಿನಿಂದ ಸೊಸೆಯದಾಯಿತು. ಒಳಗೆ ಎಡಗಡೆಯ ತಟ್ಟೆಗಳಲ್ಲಿ ಹುಳಗಳು ಸೊಪ್ಪಿನ ಮೇಲೆ ಬಿದ್ದು ತಿನ್ನುತ್ತಿದ್ದವು. ಭಾನುಪ್ರಿಯ ಬರಿಗಿವಿಯಲ್ಲಿ ಕೂತು ಕೇಳುತ್ತಿದ್ದಳು. ಪಕ್ಕದಲ್ಲೇ ಸರಸಮ್ಮ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು, ಅವಳ ಹಾಡು ಒಂದಿಷ್ಟೂ ಹೊರಗೆ ಬರುತ್ತಿರಲಿಲ್ಲ.